‘ಹ’ದಿಂದ ಶುರುವಾಗುವ ಜಪಾನಿ ಹಾಡುಗಳೆಲ್ಲ ವಸಂತದವೇ?

ಪ್ರಶ್ನೆ: ಜಪಾನಿ ಮಕ್ಕಳ ಹಾಡುಗಳ ಪಟ್ಟಿ ನೋಡುತ್ತಿದ್ದೆ. ‘ಹ’ ಅಕ್ಷರದ ಕೆಳಗೆ ‘ಹರು ಗ ಕಿತ’, ‘ಹರು ನೊ ಒಗವ’, ‘ಹರು ಯೊ ಕೊಯ್’, ‘ಹನ’ ಎಂದು ಸಾಲಾಗಿ ವಸಂತ, ಹೂವಿನ ಹಾಡುಗಳೇ ಇವೆ. ಜಪಾನಿಯಲ್ಲಿ ‘ಹ’ ಅಕ್ಷರಕ್ಕೇ ವಸಂತ, ಚಿಗುರು ಎಂಬ ಅರ್ಥವಿದೆಯಂತೆ. ಹೌದಾ ಮೇಡಂ?

ಇಲ್ಲ.

ಈ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕೂತೂ ಹೇಳಿದ್ದೇನೆ. ಕೇಳುವವರು ಬೇರೆ ಬೇರೆ, ಕೊನೆಯ ಆ ‘ಅಂತೆ’ ಮಾತ್ರ ಒಂದೇ. ಈ ಸಲ ಬರೆದೇ ಇಡುತ್ತೇನೆ.

ಮೊದಲು ಆ ಪಟ್ಟಿಯನ್ನು ಪೂರ್ತಿ ಓದಿ. ನಿಮ್ಮ ಕಣ್ಣಿಗೆ ಬಿದ್ದದ್ದು ನಾಲ್ಕು ಹಾಡು. ಅವುಗಳ ಅಕ್ಕಪಕ್ಕದಲ್ಲೇ ಪಾರಿವಾಳದ ‘ಹತೊ ಪೊಪ್ಪೊ’ ಇದೆ, ಕಡಲ ದಂಡೆಯ ‘ಹಮಬೆ ನೊ ಉತ’ ಇದೆ, ‘ಹಕೊನೆ ಹಚಿರಿ’ ಇದೆ. ಹಚಿರಿ ಅಂದರೆ ಎಂಟು ‘ರಿ’. ಒದವರದಿಂದ ಹಕೊನೆ ಬೆಟ್ಟ ಹತ್ತಿ ಇಳಿದು ಮಿಶಿಮ ಸೇರುವ ಹಳೆಯ ಹೆದ್ದಾರಿಯ ಉದ್ದ ಅದು, ನಮ್ಮ ಲೆಕ್ಕದಲ್ಲಿ ಸುಮಾರು 32 ಕಿಲೋಮೀಟರ್. ಆ ಹಾಡಿನಲ್ಲಿರುವುದು ಮುಗಿಲು ಮುಟ್ಟುವ ಬೆಟ್ಟ, ಸಾವಿರ ಮಾರು ಆಳದ ಕಣಿವೆ. ಚಿಗುರಿನ ನವಿರು ಅದರಲ್ಲಿ ಎಲ್ಲಿದೆ?

ಇನ್ನೊಂದು ವಿಷಯ ಹೇಳಿದರೆ ಅನುಮಾನ ಉಳಿಯಬಾರದು. ‘ಹನ’, ‘ಹಕೊನೆ ಹಚಿರಿ’, ‘ಹತೊ ಪೊಪ್ಪೊ’, ಈ ಮೂರಕ್ಕೂ ರಾಗ ಹಾಕಿದವನು ಒಬ್ಬನೇ, ತಕಿ ರೆನ್‌ತರೋ. ಮೊದಲನೆಯದು 1900ರದು, ಉಳಿದೆರಡು 1901ರಲ್ಲಿ ಅಚ್ಚಾದವು. 1903ರಲ್ಲಿ, ಇಪ್ಪತ್ತಮೂರನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ಹುಡುಗ. ಒಬ್ಬನೇ ಸಂಗೀತಗಾರ, ಹೆಚ್ಚುಕಡಿಮೆ ಒಂದೇ ಸಮಯ, ಮೂರೂ ಹೆಸರು ‘ಹ’ದಿಂದ ಶುರು. ಒಂದು ಸುಮಿದ ನದಿಯ ದಡದ ಹೂವು, ಒಂದು ಬೆಟ್ಟದ ದಾರಿ, ಒಂದು ಪಾರಿವಾಳ. ಆ ‘ಹನ’ ಕೂಡ ನಾಲ್ಕು ಋತುಗಳ ಒಂದು ಗುಚ್ಛದ ಮೊದಲ ಹಾಡು. ಉಳಿದ ಮೂರು ಋತುವಿನ ಹಾಡುಗಳು ‘ನೋರ್ಯೋ’, ‘ತ್ಸುಕಿ’, ‘ಯುಕಿ’. ಋತುವಿಗೊಂದು ಅಕ್ಷರ ಹಂಚಿಕೊಟ್ಟವರು ಯಾರೂ ಇಲ್ಲ.

ಹೋಗಲಿ, ವಸಂತಕ್ಕೆ ಎಲ್ಲರಿಗಿಂತ ಮೊದಲು ನೆನಪಾಗುವ ಜಪಾನಿ ಹಾಡು ಯಾವುದು? ‘ಸಕುರ ಸಕುರ’. ಅದು ‘ಸ’. ವಸಂತದ ಮಸುಕು ಬೆಳದಿಂಗಳ ಹಾಡು ‘ಒಬೊರೊಜುಕಿಯೊ’, 1914ರದು. ಅದು ‘ಒ’.

ಒಂಟಿ ‘ಹ’ ತೆಗೆದುಕೊಳ್ಳಿ. ಅದು ಎಲೆ, ಹಲ್ಲು, ಕತ್ತಿಯ ಅಲಗು. ಮೂರಕ್ಕೂ ಒಂದೇ ಉಚ್ಚಾರ, ಬರೆಯುವ ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರಾಕ್ಷರ, ಬೇರೆ ಬೇರೆ. ‘ಹನ’ ಅಂದರೆ ಹೂವು, ಮೂಗು ಕೂಡ ‘ಹನ’. ‘ಹ ಗ ಇತೈ’ ಎಂದು ನನ್ನ ವಿದ್ಯಾರ್ಥಿಗಳು ಎರಡನೇ ತಿಂಗಳಲ್ಲೇ ಕಲಿಯುತ್ತಾರೆ. ಹಲ್ಲು ನೋಯುತ್ತಿದೆ ಎಂದು ಅರ್ಥ. ಅದರಲ್ಲಿ ವಸಂತ ಹುಡುಕುವವರು ಕನ್ನಡದ ‘ಹ’ವನ್ನೂ ಸ್ವಲ್ಪ ನೋಡಬೇಕು: ಹೂವಿಗೆ ಅದೇ ಅಕ್ಷರ, ಹುಳಕ್ಕೂ ಅದೇ, ಹುಣ್ಣಿಗೂ ಅದೇ.

ಈ ನಂಬಿಕೆ ನಮ್ಮವರಲ್ಲಿ ಯಾಕಿಷ್ಟು ಗಟ್ಟಿಯಾಗಿ ಕೂತಿದೆ ಎಂದು ಯೋಚಿಸಿದ್ದೇನೆ. ನಮಗೆ ಬೀಜಾಕ್ಷರ ಗೊತ್ತು, ಏಕಾಕ್ಷರ ನಿಘಂಟು ಗೊತ್ತು. ಒಂದು ಅಕ್ಷರದೊಳಗೆ ಅರ್ಥ ಅಡಗಿದೆ ಎಂದರೆ ತಟ್ಟನೆ ಒಪ್ಪಿಬಿಡುತ್ತೇವೆ. ಜಪಾನಿನಲ್ಲೂ ಅದರ ಎಳೆ ಇಲ್ಲದಿಲ್ಲ. 806ರಲ್ಲಿ ಚೀನಾದಿಂದ ಮರಳಿದ ಕೂಕೈ ಎಂಬ ಭಿಕ್ಷು, ಸಂಸ್ಕೃತ ಬರೆಯುವ ಭಾರತದ ಸಿದ್ಧಂ ಲಿಪಿಯ ಗ್ರಂಥಗಳನ್ನು ತಂದ. ಶಿಂಗೊನ್ ಪಂಥದ ಮಠಗಳಲ್ಲಿ ಇವತ್ತಿಗೂ ಆ ಬೀಜಾಕ್ಷರಗಳನ್ನು ಬರೆಯುತ್ತಾರೆ, ಧ್ಯಾನಿಸುತ್ತಾರೆ. ಎದೊ ಕಾಲದ (1603–1868) ಕೆಲವು ಪಂಡಿತರು ಒಂದೊಂದು ಜಪಾನಿ ಅಕ್ಷರಕ್ಕೂ ಅರ್ಥ ಹೊಂದಿಸಲು ಕೂತದ್ದೂ ನಿಜ. ಮಠದ ಧ್ಯಾನಕ್ಕೆ, ಪಂಡಿತರ ವಾದಕ್ಕೆ ಅದು ಸರಿ. ಶಾಲೆಯ ಮಕ್ಕಳ ಹಾಡಿಗೆ ಹೆಸರಿಟ್ಟವರು ಮಾತ್ರ ಅದನ್ನು ನೋಡಿ ಹೆಸರಿಡಲಿಲ್ಲ.

ಹಾಗಾದರೆ ನಾಲ್ಕು ಹಾಡು ಒಟ್ಟಿಗೆ ಬಂದದ್ದು ಹೇಗೆ? ಇದಕ್ಕೆ ಗುಟ್ಟೇನೂ ಬೇಡ. ವಸಂತಕ್ಕೆ ಜಪಾನಿಯಲ್ಲಿ ‘ಹರು’ ಎನ್ನುತ್ತಾರೆ. ಜಪಾನಿಯಲ್ಲೂ ಕನ್ನಡದ ಹಾಗೆಯೇ ವಿಶೇಷಣ ಮುಂದೆ, ನಾಮಪದ ಹಿಂದೆ. ‘ವಸಂತದ ತೊರೆ’ ಎಂದು ನಾವು ಹೇಳುವಂತೆ ಅವರು ‘ಹರು ನೊ ಒಗವ’ ಎನ್ನುತ್ತಾರೆ. ಋತುವಿನ ಹೆಸರು ತಾನಾಗಿ ಶೀರ್ಷಿಕೆಯ ಮೊದಲಿಗೆ ಬಂದು ಕೂರುತ್ತದೆ. ಜೊತೆಗೆ ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ, ಅರಳಿದ ಚೆರ್ರಿ ಮರಗಳ ಕೆಳಗೆ. 1911ರಿಂದ 1914ರ ನಡುವೆ ಸರ್ಕಾರ ಆರು ತರಗತಿಗೆ ಆರು ಭಾಗವಾಗಿ, ತರಗತಿಗೆ 20ರಂತೆ 120 ಹಾಡುಗಳ ಪುಸ್ತಕ ತಂದಾಗ ವಸಂತದ ಹಾಡುಗಳು ಅದರಲ್ಲಿ ಇರಲೇಬೇಕಿತ್ತು.

‘ಹರು ನೊ ಒಗವ’ 1912ರಲ್ಲಿ ಬಂದದ್ದು ಆ ಪುಸ್ತಕದಲ್ಲೇ. ಆಗ ಕವಿಯ ಹೆಸರು ಅಚ್ಚು ಹಾಕುತ್ತಿರಲಿಲ್ಲ. ಈಗ ತಕನೊ ತತ್ಸುಯುಕಿ ಬರೆದದ್ದು, ಒಕನೊ ತೇಇಚಿ ರಾಗ ಹಾಕಿದ್ದು ಎಂದು ಗುರುತಿಸುತ್ತಾರೆ. ಮೊದಲ ಸಾಲಿನಲ್ಲಿ ತೊರೆ ‘ಸರಸರ’ ಹರಿಯುತ್ತದೆ. ಹೌದು, ನಮ್ಮ ‘ಸರಸರ’ದ ಹಾಗೆಯೇ ಕೇಳುವ ಪದ. ತರಗತಿಯಲ್ಲಿ ಈ ಸಾಲು ಬಂದಾಗ ಎಲ್ಲರೂ ತಲೆಯೆತ್ತುತ್ತಾರೆ. ನಮ್ಮ ಸರಸರದಲ್ಲಿ ಅವಸರವಿದೆ, ಅವರದರಲ್ಲಿ ತಿಳಿನೀರು ಎಲ್ಲೂ ತಡೆಯಿಲ್ಲದೆ ಜಾರುವ ಸದ್ದಿದೆ. ಮೂಲದಲ್ಲಿ ‘ಸರಸರ ನಗರು’ ಎಂದು ಗ್ರಾಂಥಿಕ ಕ್ರಿಯಾಪದ ಇತ್ತು. 1942ರಲ್ಲಿ ಹಾಡು ಮೂರನೇ ತರಗತಿಗೆ ಬಂದಾಗ, ಅಷ್ಟು ಚಿಕ್ಕವರಿಗೆ ಗ್ರಾಂಥಿಕ ಭಾಷೆ ಕಲಿಸಿರುವುದಿಲ್ಲ ಎಂದು ‘ಸರಸರ ಇಕು ಯೊ’ ಎಂದು ಆಡುಮಾತಿಗೆ ತಿದ್ದಿದರು. ಈಗಿನ ಮಕ್ಕಳ ಬಾಯಲ್ಲಿರುವುದು ತಿದ್ದಿದ ಸಾಲೇ.

ಇನ್ನು ಯಾರೂ ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ಒಂದಿದೆ. ಪಟ್ಟಿಯಲ್ಲಿ ‘ಹ’ ಇರುವ ಜಾಗ ನೋಡಿದಿರಾ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಕರಾವೋಕೆ ಅಂಗಡಿಯ ಹಾಡಿನ ಪುಸ್ತಕವೂ ಇದೇ ಕ್ರಮ, ನಿಘಂಟೂ ಇದೇ ಕ್ರಮ. ಇದು ನಮ್ಮ ವರ್ಣಮಾಲೆ! ಕ ವರ್ಗ, ಚ ವರ್ಗದ ಜಾಗದಲ್ಲಿ ‘ಸ’, ಆಮೇಲೆ ‘ತ’, ಅದರ ಅನುನಾಸಿಕ ‘ನ’, ಕೊನೆಗೆ ಅವರಲ್ಲಿಲ್ಲದ ‘ಲ’ ಬಿಟ್ಟು ಯ, ರ, ವ. ಸಿದ್ಧಂ ಓದಿದ ಭಿಕ್ಷುಗಳು ಸುಮಾರು ಸಾವಿರ ವರ್ಷದ ಹಿಂದೆ ತಮ್ಮ ಭಾಷೆಯ ಸದ್ದುಗಳನ್ನು ನಮ್ಮ ಕಡೆಯ ಕ್ರಮದಲ್ಲಿ ಜೋಡಿಸಿದರು. ಒಂದನೇ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಸಾಲು ಅಲ್ಲಿನ ಹಾಡಿನ ಪುಸ್ತಕದಲ್ಲಿ ಸಿಕ್ಕಿದಾಗ ನನಗಂತೂ ಕಣ್ಣು ತುಂಬಿತ್ತು.

ಆದರೆ ‘ನ’ ಮತ್ತು ‘ಮ’ ನಡುವೆ ನಮಗೆ ಇರುವುದು ‘ಪ’. ಅಲ್ಲಿ ‘ಹ’ ಏನು ಮಾಡುತ್ತಿದೆ? ಅದು ಹಿಂದೆ ‘ಪ’ವೇ ಆಗಿತ್ತು. ಹೂವು ಬಹಳ ಹಿಂದೆ ‘ಪನ’, ಆಮೇಲೆ ‘ಫನ’, ಈಗ ‘ಹನ’. 1603ರಲ್ಲಿ ನಾಗಸಾಕಿಯಲ್ಲಿ ಪಾದ್ರಿಗಳು ಅಚ್ಚು ಹಾಕಿಸಿದ ಜಪಾನಿ-ಪೋರ್ಚುಗೀಸ್ ನಿಘಂಟಿನಲ್ಲಿ ಇನ್ನೂ ‘ಫನ’ ಎಂದೇ ಇದೆ. ಪಾರಿವಾಳದ ಹೆಸರು ‘ಹತೊ’ ಆಯಿತು, ಅದರ ಕೂಗು ‘ಪೊಪ್ಪೊ’ ಮಾತ್ರ ಹಾಗೇ ಉಳಿಯಿತು. ‘ಹ’ ಸಾಲಿನಲ್ಲಿ ‘ಫುರುಸತೊ’ ಎಂಬ ಹಾಡು ಯಾಕಿದೆ, ‘ಹು’ ಎಲ್ಲಿ ಹೋಯಿತು ಎಂದು ಕೇಳುವವರಿಗೂ ಇದೇ ಉತ್ತರ: ‘ಉ’ ಸ್ವರದ ಮುಂದೆ ಹಳೆಯ ‘ಫ’ ಹೋಗಲಿಲ್ಲ. 1966ರ ‘ಬರ ಗ ಸೈತ’ ಹಾಡನ್ನು ‘ಬ’ ಕೆಳಗೆ ಹುಡುಕಿ ಸಿಗಲಿಲ್ಲ ಎನ್ನುವವರೂ ‘ಹ’ ಕೆಳಗೇ ನೋಡಬೇಕು. ಹ, ಬ, ಪ ಮೂರೂ ಒಂದೇ ಅಕ್ಷರಕ್ಕೆ ಚುಕ್ಕಿ, ಸೊನ್ನೆ ಹಚ್ಚಿದ ರೂಪಗಳು.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಎಲ್ಲರಿಗಿಂತ ಸುಲಭ. ಪಂಪನ ಪೂ ನಮ್ಮ ಬಾಯಲ್ಲಿ ಹೂ ಆಗಿದೆ, ಪಾಲ್ ಹಾಲಾಗಿದೆ, ಪುಲಿ ಹುಲಿಯಾಗಿದೆ. ಹಾಗೆಂದು ಜಪಾನಿ ನಮ್ಮ ನಂಟ ಭಾಷೆ ಎಂದು ಹೊರಡಬೇಡಿ. ತುಟಿಯ ಸದ್ದು ಸಡಿಲವಾಗಿ ಉಸಿರಾಗುವುದು ಅಲ್ಲಿ ತನ್ನ ಪಾಡಿಗೆ, ಇಲ್ಲಿ ತನ್ನ ಪಾಡಿಗೆ ನಡೆದದ್ದು. ಸ್ಪ್ಯಾನಿಷ್‌ನಲ್ಲೂ ಲ್ಯಾಟಿನ್‌ನ ‘ಫ’ ಹೀಗೇ ಸಡಿಲವಾಗಿ ‘ಹ’ ಆಗಿತ್ತು.

ಜಪಾನಿಯ ‘ಹ’ ಹಿಂದೆ ‘ಫ’ ಆಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಅಲ್ಲಿನದೇ ಒಂದು ಒಗಟಿದೆ, 1516ರ ಸಂಗ್ರಹದ್ದು: ‘ತಾಯಿಯನ್ನು ಎರಡು ಸಲ ಸಂಧಿಸಿದರೂ ತಂದೆಯನ್ನು ಒಮ್ಮೆಯೂ ಸಂಧಿಸದ್ದು ಯಾವುದು?’ ಉತ್ತರ, ತುಟಿ. ತಾಯಿಗೆ ಈಗ ‘ಹಹ’, ತಂದೆಗೆ ‘ಚಿಚಿ’. ‘ಹಹ’ ಅನ್ನುವಾಗ ತುಟಿ ಕೂಡುವುದೇ ಇಲ್ಲ, ಒಗಟು ಬಿಡಿಸಿದರೂ ತಾಳೆಯಾಗುವುದಿಲ್ಲ. ಈಗ ದೀಪ ಆರಿಸುವಾಗ ಊದುತ್ತೀರಲ್ಲ, ಹಾಗೆ ಎರಡು ತುಟಿ ಹತ್ತಿರ ತಂದು ‘ಫಫ’ ಅನ್ನಿ. ಆಮೇಲೆ ‘ಚಿಚಿ’ ಅನ್ನಿ.