ಗೀರು ಎಷ್ಟು ದಪ್ಪ? ಸ್ಕ್ರೈಬರ್ ಕೊಳ್ಳುವ ಮುನ್ನ

ಎಂ-10 (10 ಮಿ.ಮೀ. ದಪ್ಪದ) ಬೋಲ್ಟ್ ಕೂರಬೇಕಾದ ಫ್ಲ್ಯಾಂಜಿಗೆ 10.5 ಮಿ.ಮೀ. ತೂತು ಹಾಕಿದರೆ ಸಿಗುವ ಸಡಿಲ ಅರ್ಧ ಮಿ.ಮೀ. ಅಷ್ಟೇ. ತೂತಿನ ಜಾಗ ಗುರುತಿಸಲು ಸ್ಕ್ರೈಬರ್ ಎಂಬ ಚೂಪು ಮೊನೆಯ ಸಲಾಕೆಯಲ್ಲಿ ಎಳೆದ ಮಾರ್ಕಿಂಗ್ ಗೀರು 0.3 ಮಿ.ಮೀ. ದಪ್ಪ ಇದ್ದರೆ ಡಾಟ್ ಪಂಚ್ (ಡ್ರಿಲ್ ಕೂರಲು ಚುಕ್ಕೆ ಕುಟ್ಟುವ ಸಾಧನ) ಆ ದಪ್ಪದೊಳಗೆ ಎಲ್ಲಿ ಬೇಕಾದರೂ ಕೂರುತ್ತದೆ. ಒಂದು ತೂತಿಗೆ ಗೀರಿನ ಎಡ ಅಂಚು, ಪಕ್ಕದ್ದಕ್ಕೆ ಬಲ ಅಂಚು ಸಿಕ್ಕರೆ ಎರಡರ ನಡುವಿನ ಅಳತೆ ಅಲ್ಲೇ 0.3 ಮಿ.ಮೀ. ತಪ್ಪಿತು. ಅದರ ಮೇಲೆ ಡ್ರಿಲ್ ಸ್ವಲ್ಪ ಪಕ್ಕಕ್ಕೆ ಓಡಿದರೂ ಸಾಕು, ಬೋಲ್ಟ್ ಇಳಿಯುವುದಿಲ್ಲ. ರೌಂಡ್ ಫೈಲ್ ಹಿಡಿದು ತೂತನ್ನು ಉಜ್ಜುತ್ತಾ ಕೂರಬೇಕು. ಬೈಗುಳ ಡ್ರಿಲ್ಲಿಂಗ್ ಮೆಶಿನ್ನಿಗೆ ಬೀಳುತ್ತದೆ, ತಪ್ಪು ನಡೆದಿರುವುದು ಸ್ಕ್ರೈಬರ್‌ನ ಮೊಂಡು ಮೊನೆಯಲ್ಲಿ. ಹರಿತವಾದ ಮೊನೆ 0.1 ಮಿ.ಮೀ. ಆಸುಪಾಸಿನ ಗೀರು ಹಾಕುತ್ತದೆ. ಆದ್ದರಿಂದ ಸ್ಕ್ರೈಬರ್ ಆರಿಸುವಾಗ ಮೊದಲು ನೋಡಬೇಕಾದದ್ದು ಮೊನೆ. ಹಿಡಿ, ಬಣ್ಣ, ಜೇಬಿಗೆ ಸಿಗಿಸುವ ಕ್ಲಿಪ್ ಎಲ್ಲ ಆಮೇಲೆ.

ಅಂಗಡಿಯಲ್ಲಿ ಒಂದೇ ಹೆಸರು ಹೇಳಿ ಎರಡು ಬೇರೆ ಸಾಮಾನು ಕೊಡುವುದುಂಟು. ಒಂದು, ಫಿಟ್ಟರ್‌ಗಳು ಬಳಸುವ ಸಣಕಲು ಸ್ಕ್ರೈಬರ್: 3ರಿಂದ 5 ಮಿ.ಮೀ. ದಪ್ಪ, 150ರಿಂದ 200 ಮಿ.ಮೀ. ಉದ್ದ, ಮೊನೆಯ ಕೋನ 12ರಿಂದ 15 ಡಿಗ್ರಿ. ಇನ್ನೊಂದು, ಹಿಡಿಯಿರುವ ದಬ್ಬಣದಂಥ ಸ್ಕ್ರ್ಯಾಚ್ ಆಲ್: ಸುಮಾರು 6 ಮಿ.ಮೀ. ದಪ್ಪದ ಸರಳು, ಇನ್ನೂ ಅಗಲ ಕೋನದ ಮೊನೆ. ಮೊದಲನೆಯದು ಗೆರೆ ಎಳೆಯುವುದಕ್ಕೆ ಮಾತ್ರ. ಎರಡನೆಯದು ಗೆರೆಯನ್ನೂ ಎಳೆಯುತ್ತದೆ, ತೆಳು ಶೀಟಿಗೆ ಚುಚ್ಚುತ್ತದೆ, ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗೆ ಜಾಗ ಮಾಡುತ್ತದೆ, ಗ್ಯಾಸ್ಕೆಟ್ ತೂತುಗಳನ್ನು ಸಾಲಿಗೆ ತರುತ್ತದೆ. ಎರಡೂ ಕೆಲಸ ಇರುವ ಶೆಡ್ಡಿನಲ್ಲಿ ಒಂದನ್ನೇ ಕೊಂಡು ಸುಧಾರಿಸಿಕೊಳ್ಳಲು ಹೋಗಬೇಡಿ. ಸಣಕಲು ಮೊನೆ ಮೊದಲ ವಾರವೇ ಮುರಿಯುತ್ತದೆ.

ಮೊನೆಯ ಲೋಹದ ಮಾತಿಗೆ ಬರೋಣ. ಹೈ ಕಾರ್ಬನ್ ಸ್ಟೀಲಿನ ಮೊನೆಯನ್ನು ಹದ ಮಾಡಿ 58ರಿಂದ 62 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕ) ಗಡಸುತನಕ್ಕೆ ತಂದಿರಬೇಕು. ಎಂ.ಎಸ್. (ಮೈಲ್ಡ್ ಸ್ಟೀಲ್), ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗೆ ಇದು ಧಾರಾಳ ಸಾಕು. ದೊಡ್ಡ ಅನುಕೂಲವೆಂದರೆ ಮೊಂಡಾದರೆ ಆಯಿಲ್ ಸ್ಟೋನ್ ಮೇಲೆ ಎರಡು ನಿಮಿಷದಲ್ಲಿ ನೀವೇ ಸಾಣೆ ಹಿಡಿಯಬಹುದು. ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್), ಹದ ಮಾಡಿದ ಡೈ (ಅಚ್ಚು), ಗಾಜು ಇವುಗಳ ಮೇಲೆ ದಿನವೂ ಗೀರು ಹಾಕುವವರಿಗೆ ಟಂಗ್‌ಸ್ಟನ್ ಕಾರ್ಬೈಡ್ ಮೊನೆಯೇ ಬೇಕು. ಕಾರ್ಬೈಡ್ ಸವೆಯುವುದಿಲ್ಲವೆನ್ನುವಷ್ಟು ನಿಧಾನ ಸವೆಯುತ್ತದೆ, ಆದರೆ ಪೆಡಸು. ಕಾಂಕ್ರೀಟ್ ನೆಲಕ್ಕೆ ಮೊನೆ ಕೆಳಗಾಗಿ ಬಿದ್ದರೆ ತುದಿ ಚಕ್ಕೆ ಏಳುತ್ತದೆ. ಅದನ್ನು ಸಾಮಾನ್ಯ ಗ್ರೈಂಡಿಂಗ್ ವೀಲ್ ಕಡಿಯುವುದಿಲ್ಲ. ಹಸಿರು ಸಿಲಿಕಾನ್ ಕಾರ್ಬೈಡ್ ವೀಲ್ ಅಥವಾ ಡೈಮಂಡ್ ಪ್ಲೇಟ್ ಬೇಕು, ಏಳುವ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಬೇಕು. ಹಾಗಾಗಿ ಕಾರ್ಬೈಡ್ ತೆಗೆದುಕೊಳ್ಳುವುದಾದರೆ ಮೊನೆ ಬದಲಿಸಬಹುದಾದದ್ದನ್ನೇ ತೆಗೆದುಕೊಳ್ಳಿ, ಜೊತೆಗೆ ಒಂದು ಬಿಡಿ ಮೊನೆಯನ್ನೂ ಅಂದೇ ಕೊಳ್ಳಿ. ಮೊನೆ ಹಿಡಿದಿರುವ ಕಾಲೆಟ್ ಬಿಗಿ ಮಾಡಿ ಅಲುಗಾಡಿಸಿ ನೋಡಿ. ಕೂದಲಷ್ಟು ಆಡಿದರೂ ವಾಪಸ್ ಕೊಡಿ, ಆ ಆಟವೆಲ್ಲ ಗೀರಿನಲ್ಲಿ ಕಾಣುತ್ತದೆ.

ಪಾಲಿಶ್ ಆದ ಮೇಲ್ಮೈಗೆ, ತವರ ಲೇಪಿಸಿದ ಶೀಟಿಗೆ ಹಿತ್ತಾಳೆ ಮೊನೆಯ ಸ್ಕ್ರೈಬರ್ ಇದೆ. ಅದು ಕೊರೆಯುವುದಿಲ್ಲ, ಹಳದಿ ಗೆರೆ ಬಿಡುತ್ತದೆ.

ಹರಿತ ಪರೀಕ್ಷಿಸಲು ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಮೆತ್ತಗೆ ಇಡಿ. ಕಚ್ಚಿ ನಿಂತರೆ ಸರಿ, ಜಾರಿದರೆ ಮೊಂಡು. ಬೆಳಕಿಗೆ ಹಿಡಿದಾಗ ತುದಿಯಲ್ಲಿ ಬಿಳಿ ಚುಕ್ಕೆ ಹೊಳೆದರೂ ಮೊಂಡೇ. ನೆಟ್ಟಗಿದೆಯೇ ಎಂದು ತಿಳಿಯಲು ದುಂಡು ಸರಳನ್ನು ಸರ್ಫೇಸ್ ಪ್ಲೇಟ್ ಅಥವಾ ಗಾಜಿನ ಮೇಲೆ ಉರುಳಿಸಿ, ಮೊನೆ ಮೇಲೆ ಕೆಳಗೆ ಕುಣಿಯಬಾರದು.

ಸ್ಕ್ರ್ಯಾಚ್ ಆಲ್ ಕೊಳ್ಳುವಾಗ ಹಿಡಿಯ ಹಿಂಭಾಗ ನೋಡಿ. ಸರಳು ಹಿಡಿಯ ಉದ್ದಕ್ಕೂ ಹಾದು ಹಿಂದೆ ಉಕ್ಕಿನ ಟೋಪಿಗೆ ಬಂದು ಮುಟ್ಟಿರಬೇಕು. ಹಾಗಿದ್ದರೆ ಸುತ್ತಿಗೆಯ ಮೆಲ್ಲನೆ ಏಟು ನೇರ ಮೊನೆಗೆ ಹೋಗುತ್ತದೆ. ಅರ್ಧಕ್ಕೇ ನಿಂತ ಸರಳಾದರೆ ಏಟು ಮರವನ್ನೋ ಪ್ಲಾಸ್ಟಿಕ್ಕನ್ನೋ ಸೀಳುತ್ತದೆ. ಹಿಡಿ ಆರು ಮೂಲೆಯದ್ದಾಗಿದ್ದರೆ ಬೆಂಚಿನಿಂದ ಉರುಳಿ ಬೀಳುವುದಿಲ್ಲ. ಹಿಂಬದಿಗೆ ಅಯಸ್ಕಾಂತ ಇರುವ ಸ್ಕ್ರೈಬರ್ ಬಿದ್ದ ಸ್ಕ್ರೂ ಎತ್ತಲು ಅನುಕೂಲ ನಿಜ, ಆದರೆ ಫೈಲ್ ಮಾಡಿದ ಪುಡಿಯೆಲ್ಲ ಅದಕ್ಕೇ ಅಂಟಿ ಕೈಗೆ, ಕೈಯಿಂದ ಜಾಬಿಗೆ (ಕೆಲಸದ ತುಂಡಿಗೆ) ಬರುತ್ತದೆ. ಬೆಂಚ್ ಕೆಲಸಕ್ಕೆ ಅಯಸ್ಕಾಂತ ಇಲ್ಲದ್ದೇ ಲೇಸು.

ಒಳ್ಳೆಯ ಮೊನೆಯನ್ನು ಕೆಡಿಸುವುದು ಹೆಚ್ಚಾಗಿ ಬೆಂಚ್ ಗ್ರೈಂಡರ್. ತುದಿ ಅಷ್ಟು ಸಪೂರ ಇರುವುದರಿಂದ ಬಿಸಿ ಹರಿದುಹೋಗಲು ಜಾಗವಿಲ್ಲ. ಎರಡು ಮೂರು ಸೆಕೆಂಡಿಗೇ ಕಾರ್ಬನ್ ಸ್ಟೀಲ್ ನೀಲಿಯಾಗುತ್ತದೆ. ನೀಲಿ ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, ಟೆಂಪರ್ (ಹದದ ಗಡಸುತನ) ಹೋಯಿತು ಎಂದರ್ಥ. ಆಮೇಲೆ ಎಷ್ಟು ಹರಿತ ಮಾಡಿದರೂ ನಾಲ್ಕು ಗೀರಿಗೆ ತುದಿ ಮಡಚಿಕೊಳ್ಳುತ್ತದೆ. ನೀಲಿ ಭಾಗ ಪೂರ್ತಿ ಹೋಗುವವರೆಗೆ, ನೀರಿನಲ್ಲಿ ಅದ್ದುತ್ತಾ ಉಜ್ಜಿ ತೆಗೆಯುವುದೊಂದೇ ದಾರಿ. ಅದಕ್ಕಿಂತ ಮೊದಲಿನಿಂದಲೇ ಆಯಿಲ್ ಸ್ಟೋನ್ ಬಳಸಿ. ಕೋನ ಬದಲಾಗದಂತೆ ಒರಗಿಸಿ, ಬೆರಳಲ್ಲಿ ತಿರುಗಿಸುತ್ತಾ, ಸರಳಿನ ಉದ್ದಕ್ಕೆ ಎಳೆಯಿರಿ. ಉಜ್ಜಿದ ಗುರುತು ಮೊನೆಯ ಕಡೆಗೆ ಓಡಿರಬೇಕು. ಸುತ್ತು ಬಳೆಯಂತೆ ಗುರುತು ಬಿದ್ದರೆ ತುದಿ ಮುರಿಯುವುದು ಆ ಬಳೆಯ ಜಾಗದಲ್ಲೇ.

ಎಳೆಯುವ ಕೈ ತಪ್ಪಿದರೆ ಎಂಥ ಮೊನೆಯೂ ನಿಷ್ಪ್ರಯೋಜಕ. ಸ್ಕ್ರೈಬರನ್ನು ನೆಟ್ಟಗೆ ಹಿಡಿದರೆ ಅದರ ಮೈ ಸ್ಟೀಲ್ ರೂಲ್‌ನ ಮೇಲಂಚಿಗೆ ತಾಗಿ ಮೊನೆ ರೂಲ್‌ನಿಂದ ದೂರ ನಿಲ್ಲುತ್ತದೆ. ತಲೆಯನ್ನು ರೂಲ್‌ನಿಂದ ಹೊರಕ್ಕೆ ಸ್ವಲ್ಪ ಓರೆ ಮಾಡಿ. ಆಗ ಮೊನೆ ರೂಲ್‌ನ ಕೆಳಗಂಚಿಗೆ ಅಂಟಿ ಓಡುತ್ತದೆ. ಎಳೆಯುವ ದಿಕ್ಕಿಗೂ ಸುಮಾರು 45 ಡಿಗ್ರಿ ಬಾಗಿರಲಿ. ಒಂದೇ ಎಳೆತ. ಕಾಣಲಿಲ್ಲವೆಂದು ಅದರ ಮೇಲೇ ಇನ್ನೊಮ್ಮೆ ಎಳೆದರೆ ಎರಡು ಗೀರು ಬೀಳುತ್ತವೆ, ಯಾವುದು ಅಳತೆ ಎಂದು ಯಾರೂ ಹೇಳಲಾರರು. ಕಾಣದಿರುವುದಕ್ಕೆ ಮದ್ದು ಒತ್ತಡವಲ್ಲ, ಲೇಪ: ಮೆಶಿನ್ ಮಾಡಿದ ಉಕ್ಕಿಗೆ ಮಾರ್ಕಿಂಗ್ ಬ್ಲೂ ಅಥವಾ ಮೈಲುತುತ್ತದ ದ್ರಾವಣ, ಒರಟು ಕಾಸ್ಟಿಂಗಿಗೆ ಸುಣ್ಣ.

ಗೀರೇ ಹಾಕಬಾರದ ಜಾಗಗಳೂ ಇವೆ. ಅಲ್ಯೂಮಿನಿಯಂ ಶೀಟ್ ಬಾಗಿಸುವ ಗೆರೆಯನ್ನು ಸ್ಕ್ರೈಬರಿನಲ್ಲಿ ಎಳೆದರೆ, ಬಾಗಿಸಿದಾಗಲೋ ಆಮೇಲೆ ಅದುರಿ ಅದುರಿಯೋ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅಲ್ಲಿ ಸಪೂರ ಮಾರ್ಕರ್ ಪೆನ್ ಸಾಕು. ಜಿ.ಐ. (ಸತು ಲೇಪಿಸಿದ ಉಕ್ಕಿನ) ಶೀಟಿನಲ್ಲಿ ಸತುವಿನ ಪದರ ಕೊರೆದುಹೋಗುವಷ್ಟು ಆಳ ಗೀರಿದರೆ ಗೆರೆಗುಂಟ ತುಕ್ಕು ಬರಬಹುದು. ಕತ್ತರಿಸಿ ತೆಗೆಯುವ ಗೆರೆಗೆ ಮಾತ್ರ ಸ್ಕ್ರೈಬರ್ ಇರಲಿ.

ಗ್ಯಾರೇಜುಗಳಲ್ಲಿ ಆಲ್‌ನಿಂದ ಓ-ರಿಂಗ್, ಆಯಿಲ್ ಸೀಲ್ ಕೀಳುವ ರೂಢಿಯನ್ನು ಇವತ್ತೇ ಬಿಡಬೇಕು. ಆ ಮೊನೆ ಸೀಲ್ ಕೂರುವ ಗ್ರೂವ್‌ನಲ್ಲೋ ಶಾಫ್ಟಿನ ಮೇಲೋ ಒಂದು ಅಡ್ಡ ಗೀರು ಎಳೆದರೆ ಎಣ್ಣೆ ಒಸರಲು ಅದೇ ಕಾಲುವೆ. ಹೊಸ ಸೀಲ್ ಹಾಕಿದರೂ ಸೋರುತ್ತದೆ, ಸೀಲೇ ಕಳಪೆ ಎಂದು ಇನ್ನೊಂದು ತರಿಸುತ್ತಾರೆ, ಅದೂ ಸೋರುತ್ತದೆ. ಓ-ರಿಂಗಿಗೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಿಕ್, ಸೀಲಿಗೆ ಸೀಲ್ ಪುಲ್ಲರ್.

ಕೆಲಸ ಮುಗಿದ ಕೂಡಲೇ ಮೊನೆಗೆ ಬಿರಡೆಯನ್ನೋ ರಬ್ಬರ್ ಟ್ಯೂಬಿನ ತುಂಡನ್ನೋ ಸಿಕ್ಕಿಸಿ. ಫೈಲ್, ಸ್ಪ್ಯಾನರ್‌ಗಳ ಡಬ್ಬದಲ್ಲಿ ಎಸೆಯಬೇಡಿ, ಬರಿ ಮೊನೆಯನ್ನು ಅಂಗಿ ಜೇಬಿನಲ್ಲಂತೂ ಬೇಡವೇ ಬೇಡ. ಬಗ್ಗಿದಾಗ ಅದು ನೆಡುವುದು ಗಂಟಲಿಗೋ ಎದೆಗೋ.