ಪದ ಪರಿಚಯ: ಧ್ವನಿ ಇಂಟರ್‌ಫೇಸ್

ಬೆರಳಿನ ಬದಲು ಮಾತಿನಿಂದ ತಂತ್ರಾಂಶ ನಡೆಸುವ ಏರ್ಪಾಡೇ ಧ್ವನಿ ಇಂಟರ್‌ಫೇಸ್. ಇದರಲ್ಲಿ ಎರಡು ಭಾಗ: ನಾವು ಆಡಿದ್ದನ್ನು ಗುರುತಿಸುವುದು, ಉತ್ತರವನ್ನು ದನಿಯಲ್ಲಿ ಹೇಳುವುದು. ಎರಡೂ ಜೊತೆಗೇ ಇರಬೇಕೆಂದೇನಿಲ್ಲ. ಇದನ್ನು ಮರೆತ ಆ್ಯಪ್‌ಗಳೇ ಹೆಚ್ಚು ಕಾಟ ಕೊಡುವುದು.

"ಬೆಳಿಗ್ಗೆ ಆರಕ್ಕೆ ಎಬ್ಬಿಸು" ಅನ್ನಲು ಎರಡು ಸೆಕೆಂಡು ಸಾಕು. ಪರದೆಯಲ್ಲಾದರೆ ನಾಲ್ಕೈದು ಸಲ ಒತ್ತಬೇಕು. ಆದರೆ 20 ರೈಲುಗಳ ಪಟ್ಟಿಯನ್ನು ಕಿವಿಯಲ್ಲಿ ಕೇಳಿ ನೋಡಿ, ಐದನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಕಣ್ಣು ಪಟ್ಟಿಯ ಮೇಲೆ ಹಿಂದೆ ಮುಂದೆ ಓಡಾಡುತ್ತದೆ, ಕಿವಿಗೆ ಆ ಸೌಕರ್ಯವಿಲ್ಲ. ಹಾಗಾಗಿ ಪರದೆ ಇದ್ದಲ್ಲಿ ಆಜ್ಞೆ ಮಾತಿನಲ್ಲಿ, ಉತ್ತರ ಪರದೆಯಲ್ಲಿ ಇರಲಿ. ದನಿಯಲ್ಲೇ ಹೇಳಬೇಕಾದರೆ ಒಂದು ಸಲಕ್ಕೆ ಮೂರು ಆಯ್ಕೆ ಸಾಕು.

ಕೈ, ಕಣ್ಣು ಎರಡಕ್ಕೂ ಬೇರೆ ಕೆಲಸವಿದ್ದಾಗ, ಅಂದರೆ ವಾಹನ ಓಡಿಸುವಾಗ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ, ಮಾತು ನಿಜಕ್ಕೂ ಒದಗಿಬರುತ್ತದೆ. ಕಣ್ಣು ಕಾಣದವರಿಗೆ, ಓದುಬರಹ ಬಾರದವರಿಗೂ ಅಷ್ಟೇ. ಪಾಸ್‌ವರ್ಡ್‌ಗೆ, ನಾಲ್ಕು ಜನ ಕೂತಿರುವ ಕಚೇರಿಗೆ, ಚಿತ್ರವನ್ನು ಒಂಚೂರು ಎಡಕ್ಕೆ ಸರಿಸುವಂಥ ಕೆಲಸಕ್ಕೆ ಬೇಡ.

ತಪ್ಪಿನ ಲೆಕ್ಕವನ್ನೂ ಹಾಕಬೇಕು. ಒಂದೊಂದು ಅಂಕಿಯನ್ನು 98% ಸರಿಯಾಗಿ ಗುರುತಿಸುವ ಯಂತ್ರವೂ 10 ಅಂಕಿಯ ಫೋನ್ ನಂಬರನ್ನು ಪೂರ್ತಿ ಸರಿಯಾಗಿ ಹಿಡಿಯುವುದು ಸುಮಾರು 82% ಸಲ ಮಾತ್ರ. ನಂಬರಿಗೆ ಕೀಪ್ಯಾಡ್ ಕೊಡುವುದೇ ಜಾಣತನ. ಮೌನದ ಅವಧಿಯೂ ತಲೆನೋವೇ: ಮಾತು ಮುಗಿಯಿತೆಂದು ತೀರ್ಮಾನಿಸಲು ಯಂತ್ರ ಅರ್ಧ ಸೆಕೆಂಡು ಮಾತ್ರ ಕಾದರೆ, ವಿಳಾಸ ನೆನಪಿಸಿಕೊಳ್ಳಲು ತಡವರಿಸಿದವರ ಮಾತು ನಡುವೆಯೇ ತುಂಡಾಗುತ್ತದೆ, ಎರಡು ಸೆಕೆಂಡು ಕಾದರೆ ಪ್ರತಿ ಉತ್ತರವೂ ತಡ.

ಕನ್ನಡದಲ್ಲಿ ಇನ್ನೊಂದು ಹಳ್ಳವಿದೆ. ಉಳಿಸು, ಅಳಿಸು, ಕಳಿಸು: ಗುಂಡಿಗಳ ಮೇಲೆ ಚಂದ ಕಾಣುವ ಈ ಮೂರೂ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಅಳಿಸುವುದಕ್ಕೆ "ತೆಗೆದುಹಾಕು" ಅಂತಿಡಿ, ಆಮೇಲೂ "ತೆಗೆದುಹಾಕಲೇ?" ಎಂದು ಕೇಳಿಸಿ. ಅಲಾರಾಂ ಇಡುವಂಥ, ಸುಲಭವಾಗಿ ಹಿಂದಕ್ಕೆ ಪಡೆಯಬಹುದಾದ ಕೆಲಸಕ್ಕೆ ಈ ಪ್ರಶ್ನೆ ಬರೀ ಕಿರಿಕಿರಿ. ಮಾಡಿ ಮುಗಿಸಿ, "ಆರಕ್ಕೆ ಇಟ್ಟಿದೆ" ಅಂದರಾಯಿತು.

ಕೋಡ್ ಬರೆಯುವ ಮೊದಲು ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬರು ಬಳಕೆದಾರ, ಇನ್ನೊಬ್ಬರು ಯಂತ್ರ; ಯಂತ್ರವಾದವರು ಚೀಟಿಯಲ್ಲಿ ಬರೆದ ಉತ್ತರವನ್ನಷ್ಟೇ ಓದಬೇಕು. "ಇನ್ನೊಮ್ಮೆ ಹೇಳಿ" ಎಂಬ ಚೀಟಿ ಪದೇಪದೇ ಮೇಲೆ ಬಂದರೆ ಆ ಕೆಲಸವನ್ನು ಪರದೆಗೇ ಬಿಡಿ.