ಕರೆಂಟ್ ಹೋದರೂ ಕರಿಯ ಫೋನ್ ಗಂಟೆ ಬಾರಿಸುತ್ತಿದ್ದುದು ಹೇಗೆ?

ಪ್ರಶ್ನೆ: ರಾಯಚೂರಿನ ನಮ್ಮ ಅಜ್ಜನ ಮನೆಯಲ್ಲಿ ಬೆರಳು ಹಾಕಿ ತಿರುಗಿಸುವ ಕರಿಯ ಫೋನ್ ಇತ್ತು. ಬೇಸಿಗೆಯಲ್ಲಿ ತಾಸುಗಟ್ಟಲೆ ಕರೆಂಟ್ ಇಲ್ಲದಿದ್ದರೂ ಅದು ಬಾರಿಸುತ್ತಿತ್ತು. ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತಿತ್ತು? ಈಗ ಅದನ್ನು ಮತ್ತೆ ಬಳಸಬಹುದೇ?

ಉತ್ತರ: ಪಕ್ಕದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದ್ದರೂ ಕಂದೀಲಿನ ಬೆಳಕಿನಲ್ಲಿ ಉಂಡ ನೆನಪು ರಾಯಚೂರಿನವರಿಗೆ ಹೊಸದಲ್ಲ. ಫೋನಿಗೆ ಮಾತ್ರ ಆ ಕತ್ತಲೆ ತಟ್ಟುತ್ತಿರಲಿಲ್ಲ, ಏಕೆಂದರೆ ಅದು ಮನೆಯ ಕರೆಂಟನ್ನು ಬಳಸುತ್ತಲೇ ಇರಲಿಲ್ಲ. ಮಾತು ಸಾಗುವ ಜೋಡಿ ತಾಮ್ರದ ತಂತಿಯಲ್ಲಿಯೇ, ಊರಿನ ಫೋನ್ ತಂತಿಗಳೆಲ್ಲ ಬಂದು ಕೂಡುವ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟಿನ ಏಕಮುಖ ವಿದ್ಯುತ್ ಬರುತ್ತಿತ್ತು. ಕರೆ ಬಂದಾಗ ಎಕ್ಸ್‌ಚೇಂಜು ಅದೇ ತಂತಿಯಲ್ಲಿ ಸುಮಾರು 75 ವೋಲ್ಟಿನ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಿ ಗಂಟೆ ಬಾರಿಸುತ್ತಿತ್ತು. ಕಂಬವೇರಿ ತಂತಿ ಕೂಡಿಸುತ್ತಿದ್ದ ಲೈನ್‌ಮನ್‌ನ ಕೈ ಒಮ್ಮೊಮ್ಮೆ ಜುಮ್ಮೆನ್ನುತ್ತಿದ್ದುದೂ ಇದರಿಂದಲೇ.

ಇಷ್ಟು ಅಲ್ಪ ವಿದ್ಯುತ್ತಿನಲ್ಲಿ ಎಲ್ಲವೂ ನಡೆಯಬೇಕಿದ್ದುದೇ ಆ ಫೋನಿನ ರಚನೆಯನ್ನು ರೂಪಿಸಿತು. ರಿಸೀವರಿನಲ್ಲಿ ಬಾಯಿಯ ಬಳಿ ಇರುವ ಬಿಲ್ಲೆಯೊಳಗೆ ಇಂಗಾಲದ ಸಣ್ಣ ಕಾಳುಗಳಿರುತ್ತವೆ. ಮಾತಿನ ಅಲೆ ತಾಗಿದಂತೆ ಅವು ಒತ್ತಿ ಸಡಿಲಗೊಂಡು, ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ. ಕಾಳುಗಳು ಗಟ್ಟಿಯಾಗಿ ಕೂತರೆ ದನಿ ಕುಗ್ಗುತ್ತದೆ. ಹಿರಿಯರು ರಿಸೀವರನ್ನು ಅಂಗೈಗೆ ತಟ್ಟಿ ಮಾತು ಮುಂದುವರಿಸುತ್ತಿದ್ದುದು ಬರಿಯ ಅಭ್ಯಾಸಬಲವಲ್ಲ, ಸರಿಯಾದ ರಿಪೇರಿ.

ಡಯಲ್ ಇನ್ನೂ ಜಾಣತನದ್ದು. ನಾವು ತಿರುಗಿಸುವಾಗ ಸ್ಪ್ರಿಂಗಿಗೆ ಕೀಲಿ ಕೊಟ್ಟಂತಾಗುತ್ತದೆಯೇ ಹೊರತು ಸಂಖ್ಯೆ ಹೋಗುವುದಿಲ್ಲ. ಬೆರಳು ಬಿಟ್ಟ ಮೇಲೆ, ವೇಗವನ್ನು ಹಿಡಿದಿಡುವ ಪುಟ್ಟ ಯಂತ್ರ ಗುರ್ರೆನ್ನುತ್ತ ಅದನ್ನು ಹಿಂದಿರುಗಿಸುವಾಗ, ಸೆಕೆಂಡಿಗೆ ಸುಮಾರು 10ರಂತೆ ತಂತಿಯ ಸಂಪರ್ಕ ಕಡಿದು ಕೂಡುತ್ತದೆ: 3ಕ್ಕೆ ಮೂರು ಸಲ, 0ಗೆ ಹತ್ತು ಸಲ. ಈ ಮಿಡಿತಗಳನ್ನು ಎಣಿಸಿ ಕರೆ ಕೂಡಿಸುವ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದಿದ್ದ. ಆತನ ಕಸುಬು ಶವಸಂಸ್ಕಾರದ ವ್ಯವಸ್ಥೆ ಮಾಡುವುದಾಗಿತ್ತು. ನಮ್ಮ ದೇಶದಲ್ಲಿ ಇಂತಹ ಫೋನುಗಳನ್ನು ತಯಾರಿಸಿದ ಸರ್ಕಾರಿ ಕಂಪನಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಮತ್ತೆ ಬಳಸುವ ಮಾತಿಗೆ ಬಂದರೆ, ಮನೆಗೆ ಈಗಲೂ ತಾಮ್ರದ ಲೈನ್ ಇದ್ದರೆ ಮೊದಲು ಅದಕ್ಕೇ ಜೋಡಿಸಿ ನೋಡಿರಿ. ಫೈಬರ್ ಆಗಿದ್ದರೆ, ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಫೋನಿಗೆ ಬೇಕಾದ ವಿದ್ಯುತ್ ಬರುವುದಿಲ್ಲ. ಮೋಡೆಮಿನ ಫೋನ್ ಕಿಂಡಿಗೆ ಜೋಡಿಸಬೇಕು. ಹಾಗೆ ಮಾಡಿದರೆ ಸಾಮಾನ್ಯವಾಗಿ ಕರೆ ಸ್ವೀಕರಿಸಬಹುದು, ಆದರೆ ಹಲವು ಮೋಡೆಮುಗಳಿಗೆ ಡಯಲ್‌ನ ಮಿಡಿತ ಅರ್ಥವಾಗದು. ಮೋಡೆಮಿಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದೊಡನೆ ಅಜ್ಜನ ಫೋನೂ ಸುಮ್ಮನಾಗುತ್ತದೆ.